ಮೂರನೇ ಬೇರಿಂಗು

ನಮ್ಮ ಚಿಕ್ಕಣ್ಣನನ್ನು ಬೀದಿಯವರೆಲ್ಲ ಬಿಚ್ಚಪ್ಪ ಎಂದು ಕರೆಯುತ್ತಾರೆ. ಎದುರಿಗೆ ಕರೆಯುವುದಿಲ್ಲ. ಆದರೆ ಅವನಿಗೆ ಗೊತ್ತು, ಅವನಿಗೆ ಗೊತ್ತಿರುವುದು ಅವರಿಗೂ ಗೊತ್ತು. ಹಳೆಯ ಸ್ಪೋರ್ಟ್ಸ್ ಕಾರುಗಳ ಇಂಜಿನ್ ಕಟ್ಟುವುದು ಅವನ ಕೆಲಸ. ಕಟ್ಟಿ ಮುಗಿಯಿತು, ಬಂದು ತೆಗೆದುಕೊಂಡು ಹೋಗಿ ಎಂದು ಫೋನ್ ಮಾಡುತ್ತಾನೆ. ಪಾಪ, ಕಾರಿನವರು ಖುಷಿಯಿಂದ ಬಂದು ನೋಡಿದರೆ ಇಂಜಿನ್ನು ಮತ್ತೆ ಕೈಕಾಲು ಬಿಚ್ಚಿಕೊಂಡು ಬೆಂಚಿನ ಮೇಲೆ ಮಲಗಿರುತ್ತದೆ.

"ಇದೇನಪ್ಪಾ, ನಿನ್ನೆ ಆಯ್ತು ಅಂದ್ಯಲ್ಲ?"

"ಆಗಿತ್ತು ಸಾರ್. ಯಾಕೋ ಮೂರನೇ ಬೇರಿಂಗು ಒಂದ್ಸಲ ನೋಡ್ಬಿಡೋಣ ಅನ್ನಿಸ್ತು."

ನೋಡಿದರೆ ಮೂರನೇ ಬೇರಿಂಗು ಚೆನ್ನಾಗಿಯೇ ಇರುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಕೆಟ್ಟಿದ್ದಿಲ್ಲ. ನಾನು ಅವನ ತಂಗಿ, ಅದೇ ವರ್ಕ್‌ಶಾಪಿನ ಮುಂಭಾಗದಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತೇನೆ. ಹಾಗಾಗಿ ಬಂದವರಿಗೆ ಸ್ಟೂಲು ಹಾಕಿ, ಟೀ ತರಿಸಿ, ಸಮಾಧಾನ ಹೇಳುವ ಕೆಲಸವೂ ನನ್ನದೇ. ಮದುವೆಯ ವಿಷಯದಲ್ಲೂ ಇವನು ಹೀಗೆಯೇ ಮಾಡಿದ. ಒಂದು ಒಳ್ಳೆಯ ಹುಡುಗಿ ಒಪ್ಪಿದ್ದಳು. ಇವನು ಇನ್ನೊಂದು ಸಲ ಯೋಚಿಸಿ ಹೇಳುತ್ತೇನೆ ಎಂದ. ಅವಳು ಒಂದೇ ಸಲ ಯೋಚಿಸಿ ಬೇರೆಯವನನ್ನು ಮದುವೆಯಾದಳು. ಜಾಣೆ.

ಹುಟ್ಟಿದಾಗಿನಿಂದ ಇವನು ಹೀಗಿರಲಿಲ್ಲ. ಹುಡುಗನಾಗಿದ್ದಾಗ ಸೈಕಲ್ ಬಿಚ್ಚಿ ಕಟ್ಟಿದರೆ ಹಿಂದಿರುಗಿ ನೋಡುತ್ತಿರಲಿಲ್ಲ, ಹತ್ತಿ ಹೋಗಿಬಿಡುತ್ತಿದ್ದ. ಇವನನ್ನು ಹೀಗೆ ಮಾಡಿದ್ದು ದೊಡ್ಡಣ್ಣನ ಹಸಿರು ಕಾರು.

ದೊಡ್ಡಣ್ಣ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಗೇರು, ಕ್ಲಚ್ಚು, ಕನ್ನಡಿ, ಮೀಟರು ಎಂದು ದಿನವಿಡೀ ಕೂಗಿ ಕೂಗಿ ಅವನ ಗಂಟಲೇ ಒಂದು ಹಾರನ್ ಆಗಿದೆ. ಅವನಿಗೆ ಒಂದೇ ಒಂದು ಹುಚ್ಚು ಇತ್ತು. ಯಾರದೋ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ, ಎರಡೇ ಸೀಟಿನ, ಬಟ್ಟೆ ಚಾವಣಿಯ ಹಳೆಯ ಸ್ಪೋರ್ಟ್ಸ್ ಕಾರನ್ನು ತಂದು, ತುಕ್ಕು ಉಜ್ಜಿಸಿ, ಹಸಿರು ಬಣ್ಣ ಹೊಡೆಸಿದ. ಇಂಜಿನ್ನನ್ನು ಮಾತ್ರ ಹೊರಗಿನವರಿಗೆ ಕೊಡಲಿಲ್ಲ. ಚಿಕ್ಕಣ್ಣ ಆಗಷ್ಟೇ ಮೇಸ್ತ್ರಿಯ ಗ್ಯಾರೇಜು ಬಿಟ್ಟು ಅಮ್ಮನ ಮನೆಯ ಮುಂದೆಯೇ ತನ್ನದೊಂದು ಶೆಡ್ಡು ಹಾಕಿದ್ದ. "ನನ್ನ ತಮ್ಮ ಕಟ್ಟಲಿ" ಎಂದ ದೊಡ್ಡಣ್ಣ. ಯಾರ ಸಹಾಯವೂ ಇಲ್ಲದೆ ಚಿಕ್ಕಣ್ಣ ಕಟ್ಟಿದ ಮೊದಲನೆಯ ಇಂಜಿನ್ನು ಅದು. ಸ್ಟಾರ್ಟ್ ಮಾಡಿದ ದಿನ ಅಣ್ಣತಮ್ಮ ಇಬ್ಬರೂ ಬಾನೆಟ್ಟಿನ ಎರಡು ಕಡೆ ನಿಂತು ಹಲ್ಲು ಕಿರಿಯುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ತಿಂಗಳೂ ಕಳೆಯಲಿಲ್ಲ. ಏರು ರಸ್ತೆಯಲ್ಲಿ ಹೋಗುವಾಗ ಇಂಜಿನ್ನಿನ ಹೊಟ್ಟೆಯೊಳಗಿಂದ ಟಕಟಕ ಸದ್ದು ಬಂತು. ದೊಡ್ಡಣ್ಣ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಹೊಗೆ. ಕಾರನ್ನು ಎಳೆದುಕೊಂಡು ಬಂದು ಅಮ್ಮನ ಮನೆಯ ಮುಂದೆ ನಿಲ್ಲಿಸಿದರು. ಜಗಳ ಅಲ್ಲಿಯೇ, ನಡುಮನೆಯಲ್ಲಿ, ಎಲ್ಲರ ಎದುರಿಗೆ ಆಯಿತು.

"ಆಯಿಲ್ ಪ್ರೆಷರ್ ನೋಡ್ದೆ ಓಡ್ಸಿದ್ದೀಯ ನೀನು" ಎಂದ ಚಿಕ್ಕಣ್ಣ. "ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಬೇರಿಂಗು ಸುಟ್ಟಿದೆ. ಎಣ್ಣೆ ಸಿಗದೆ ಬೇರಿಂಗು ಸುಡಲ್ಲ. ಮೀಟರಿನ ಮುಳ್ಳು ಕೆಳಗೆ ಬಿದ್ದಿರುತ್ತೆ, ನೀನು ನೋಡಿಲ್ಲ."

"ಮುಳ್ಳು ನಟ್ಟನಡುವೆ ನಿಂತಿತ್ತು. ಹುಡುಗರಿಗೆ ಮೀಟರ್ ನೋಡೋದು ಕಲಿಸೋನು ನಾನು. ನನಗೆ ಹೇಳ್ತೀಯಾ?"

"ಸುಳ್ಳು."

"ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನು. ನನ್ನ ಯಾಕೆ ಸುಳ್ಳುಗಾರ ಮಾಡ್ತೀಯ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. "ಬಿಚ್ಚಿ ನೋಡ್ರೋ, ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ" ಎಂದು ಒಂದೆರಡು ಸಲ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ದೊಡ್ಡಣ್ಣ ಕಾರನ್ನು ತನ್ನ ಮನೆಯ ಹಿಂದಿನ ಶೆಡ್ಡಿಗೆ ಎಳೆಸಿ, ಟಾರ್ಪಾಲು ಹೊದಿಸಿ, ಬೀಗ ಹಾಕಿದ. ಬೇರೆ ಮೆಕ್ಯಾನಿಕ್ಕಿಗೂ ಕೊಡಲಿಲ್ಲ. ಅಂದಿನಿಂದ ಅವನು ಅಮ್ಮನನ್ನು ನೋಡಲು ಹಿತ್ತಲ ಬಾಗಿಲಿನಿಂದ ಬರುತ್ತಾನೆ, ಯಾಕೆಂದರೆ ಮನೆಯ ಮುಂಬಾಗಿಲಿಗೆ ವರ್ಕ್‌ಶಾಪನ್ನು ಹಾದು ಬರಬೇಕು. ಹದಿನಾರು ವರ್ಷ ಹಿತ್ತಲ ಬಾಗಿಲು. ನಡುವೆ ಅಪ್ಪ ತೀರಿಕೊಂಡಾಗಲೂ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದರು, ಆಡಬೇಕಾದ್ದನ್ನೆಲ್ಲ ನನ್ನ ಮೂಲಕ ಆಡಿದರು. ನಾನೇನು ಟೆಲಿಫೋನ್ ಕಂಬವೇ?

ಚಿಕ್ಕಣ್ಣನ ಒಳಗೆ ಏನು ಕೊರೆಯುತ್ತಿತ್ತು ಎನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಒಂದು ಮಧ್ಯಾಹ್ನ ಕೌಂಟರಿನಲ್ಲಿ ಯಾರೂ ಇರಲಿಲ್ಲ, ಅವನೇ ಹೇಳಿದ. ಬೇರಿಂಗು ಎಂದರೆ ಇಲ್ಲಿ ಗುಂಡು ತುಂಬಿದ ಉಂಗುರವಲ್ಲ. ಬಳೆಯನ್ನು ಸರಿಯಾಗಿ ಎರಡು ಮಾಡಿದಂಥ ತೆಳು ಲೋಹದ ಚೂರು, ಅಷ್ಟೇ. ಇಂಜಿನ್ನಿನ ನಡುವೆ ತಿರುಗುವ ಕ್ರ್ಯಾಂಕನ್ನು ನಾಲ್ಕು ರಾಡುಗಳು ಹಿಡಿದಿರುತ್ತವೆ, ಒಂದೊಂದು ಹಿಡಿತದೊಳಗೂ ಇಂಥ ಒಂದು ಜೋಡಿ. ಪಂಪು ತಳ್ಳಿದ ಎಣ್ಣೆ ಕ್ರ್ಯಾಂಕಿನೊಳಗೆ ಕೊರೆದ ಸಣ್ಣ ಸಣ್ಣ ದಾರಿಗಳಲ್ಲಿ ಹರಿದು ಪ್ರತಿ ಬೇರಿಂಗಿಗೂ ಬರುತ್ತದೆ. ಎಣ್ಣೆಯ ಪೊರೆ ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ದೊಡ್ಡ ಕಾಲುವೆಯ ಒತ್ತಡವನ್ನು. ಯಾವುದೋ ಒಂದು ಸಣ್ಣ ದಾರಿ ಕಟ್ಟಿಕೊಂಡರೆ ಮುಳ್ಳಿಗೆ ಅದು ಗೊತ್ತೇ ಆಗುವುದಿಲ್ಲ.

"ಅಂದ್ರೆ?" ಎಂದೆ.

"ಅಂದ್ರೆ, ಅಣ್ಣ ಹೇಳಿದ್ದು ನಿಜ ಆಗಿದ್ರೆ, ಮುಳ್ಳು ಸರಿಯಾಗೇ ಇದ್ದಿದ್ರೆ, ದಾರಿ ಕಟ್ಟಿಕೊಂಡಿದೆ ಅಂತ ಅರ್ಥ. ಕ್ರ್ಯಾಂಕ್ ಉಜ್ಜಿ ಗ್ರೈಂಡ್ ಮಾಡಿಸಿಕೊಂಡು ಬಂದ ಮೇಲೆ ಆ ದಾರಿಗಳನ್ನೆಲ್ಲ ಧೂಳು ಹೋಗೋ ಹಾಗೆ ತೊಳೀಬೇಕಿತ್ತು. ತೊಳೆದೆ. ಮೂರನೇದು ತೊಳೆದಿದ್ದೀನೋ ಇಲ್ವೋ, ಜ್ಞಾಪಕ ಬರ್ತಿಲ್ಲ ಕಣೇ. ಆವಾಗ ಯಾರೋ ಕರೆದ ಹಾಗಾಗಿತ್ತು. ಎದ್ದು ಹೋದೆ, ಬಂದೆ. ಆಮೇಲೆ..."

ಆಮೇಲೆ ಇಲ್ಲ. ಅಷ್ಟೇ. ಒಂದೋ ಅಣ್ಣ ಸುಳ್ಳುಗಾರ, ಇಲ್ಲವೋ ತಾನು ಕೆಲಸಗೇಡಿ. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ನಮ್ಮ ಬಿಚ್ಚಪ್ಪ ಊರವರ ಇಂಜಿನ್ನುಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೋಡುತ್ತಿದ್ದ. ನೋಡಬೇಕಾದ ಒಂದು ಇಂಜಿನ್ನು ಮಾತ್ರ ಟಾರ್ಪಾಲಿನ ಕೆಳಗಿತ್ತು. ಅದನ್ನು ಕೇಳುವ ಧೈರ್ಯ ಇವನಿಗಿರಲಿಲ್ಲ, ಕೊಡುವ ಮನಸ್ಸು ದೊಡ್ಡಣ್ಣನಿಗಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಇವರು ಇಬ್ಬರೂ ಎಳೆಯಲೇ ಇಲ್ಲ, ನಿಂತಲ್ಲೇ ನಿಂತರು.

ಹಾಗಿದ್ದಾಗ ಮೊನ್ನೆ ಮೊನ್ನೆ ಆ ಕಾರೇ ನಮ್ಮ ಶಟರಿನ ಮುಂದೆ ಬಂದು ನಿಂತಿತು. ಎಳೆಯುವ ಲಾರಿಯಿಂದ ಇಳಿದವಳು ದೊಡ್ಡಣ್ಣನ ಮಗಳು. ಇಷ್ಟುದ್ದ ಇದ್ದವಳು ಈಗ ಅಪ್ಪನ ಶಾಲೆಯಲ್ಲೇ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಾಳೆ.

"ಚಿಕ್ಕಪ್ಪ, ಇದನ್ನ ಓಡೋ ಹಾಗೆ ಮಾಡಿಕೊಡಿ" ಎಂದಳು, ಸೈಕಲ್ಲಿಗೆ ಗಾಳಿ ಹೊಡೆದುಕೊಡಿ ಎನ್ನುವಷ್ಟು ಸಲೀಸಾಗಿ.

ಚಿಕ್ಕಣ್ಣ ಸ್ಪ್ಯಾನರ್ ಹಿಡಿದವನು ಹಿಡಿದಂತೆಯೇ ನಿಂತ. ನಾನೇ ಕೇಳಿದೆ: "ನಿಮ್ಮಪ್ಪನಿಗೆ ಗೊತ್ತಾ?"

"ಕೀಲಿ ಅಪ್ಪನೇ ಕೊಟ್ರು ಅತ್ತೆ. ಎಲ್ಲಿಗೆ ತಗೊಂಡು ಹೋಗ್ತೀಯ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ."

ನಮ್ಮ ಮನೆಯ ರಕ್ತವೇ ಹಾಗೆ, ಕೇಳುವವರೂ ಇಲ್ಲ ಹೇಳುವವರೂ ಇಲ್ಲ.

ಕಾರು ಒಳಗೆ ಬಂತು. ಬಂದು ಒಂದು ವಾರವಾದರೂ ಚಿಕ್ಕಣ್ಣ ಅದನ್ನು ಮುಟ್ಟಲಿಲ್ಲ. ಸುತ್ತು ಹಾಕುತ್ತಿದ್ದ. ಧೂಳು ಒರೆಸುತ್ತಿದ್ದ. ಬಾನೆಟ್ ಎತ್ತಿ ನೋಡಿ ಇಳಿಸುತ್ತಿದ್ದ. ಬೇರೆಯವರ ಕೆಲಸ ಮಾಡುವಾಗಲೂ ಆ ಕಡೆಗೆ ಬೆನ್ನು ಹಾಕುತ್ತಿರಲಿಲ್ಲ, ಬೆನ್ನು ಹಾಕಿದರೆ ಅದು ಏನಾದರೂ ಅಂದುಬಿಡುತ್ತದೇನೋ ಎನ್ನುವ ಹಾಗೆ. ನನಗೆ ರೇಗಿಹೋಯಿತು.

"ಬಿಚ್ಚಪ್ಪ ಅಂತ ಹೆಸರಿಟ್ಕೊಂಡು ಬಿಚ್ಚೋಕೆ ಹೆದರ್ತೀಯಲ್ಲ, ನಾಚಿಕೆ ಆಗಲ್ವಾ?"

"ನಂದೇ ತಪ್ಪು ಅಂತ ಬಂದ್ರೆ?"

"ಬಂದ್ರೆ ಬರುತ್ತೆ. ಹೋಗಿ ಅವನ ಮುಂದೆ ತಪ್ಪಾಯ್ತು ಅನ್ನು."

"ತಪ್ಪಾಯ್ತು ಅಂತೀನಿ. ಅದಲ್ಲ ಕಣೇ. ಹದಿನಾರು ವರ್ಷದಿಂದ ಅಣ್ಣನ್ನ ಸುಳ್ಳುಗಾರ ಅಂದ್ಕೊಂಡು ಕೆಲಸ ಮಾಡ್ಕೊಂಡು ಬಂದಿದ್ದೀನಿ. ಹಾಗಂದ್ಕೊಂಡ್ರೆ ತಾನೇ ಕೈ ನಡುಗದೆ ಸ್ಪ್ಯಾನರ್ ಹಿಡಿಯೋಕಾಗೋದು? ಅದೂ ಅರ್ಧ ದಿನ ನಂಬ್ತೀನಿ, ಅರ್ಧ ದಿನ ನಂಬಲ್ಲ. ಇನ್ಮೇಲೆ ಏನಂದ್ಕೊಂಡು ಹಿಡೀಲಿ?"

ಉತ್ತರ ಹೊಳೆಯದಿದ್ದಾಗ ನಾನು ಬೈಯುತ್ತೇನೆ. ಚೆನ್ನಾಗಿ ಬೈದೆ. ಮಾರನೆಯ ದಿನ ಅವನು ಬೆಳಿಗ್ಗೆಯೇ ಕಾರನ್ನು ಎತ್ತರಿಸಿ ಅಡಿಯಲ್ಲಿ ನುಸುಳಿದ.

ನಾನು ಕೌಂಟರ್ ಬಿಟ್ಟು ಪಕ್ಕದಲ್ಲೇ ಕೂತೆ. ಮೊದಲು ಚೇಂಬರ್ ಇಳಿಸಿದ. ಚೇಂಬರ್ ಅಂದರೆ ಇಂಜಿನ್ನಿನ ತಳದಲ್ಲಿರುವ ಎಣ್ಣೆಯ ತಟ್ಟೆ. ಅದರ ಅಂಚಿಗೆಲ್ಲ ಯಾವುದೋ ಕೆಂಪು ಪೇಸ್ಟು ಬಳಿದು ಒಣಗಿತ್ತು. ಚಿಕ್ಕಣ್ಣ ಮುಖ ಸಿಂಡರಿಸಿದ. ಅವನು ಜೋಡಣೆಗೆ ಕಾಗದದ ಪ್ಯಾಕಿಂಗ್ ಬಿಟ್ಟರೆ ಬೇರೇನೂ ಹಾಕುವವನಲ್ಲ. "ಆಮೇಲೆ ಎಣ್ಣೆ ಸೋರದೆ ಇರ್ಲಿ ಅಂತ ಅಣ್ಣ ಯಾರ ಕೈಲಾದ್ರೂ ಬಳಿಸಿರಬೇಕು" ಎಂದು ಒರೆಸಿ ಪಕ್ಕಕ್ಕಿಟ್ಟ. ಸರಿ ಎಂದೆ. ಬೀಗ ಹಾಕಿದ ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರಿಗೆ ಯಾರು ಯಾಕೆ ಬಳಿಯುತ್ತಾರೆ ಎಂದು ಆಗ ಇಬ್ಬರಿಗೂ ತೋಚಲಿಲ್ಲ.

ಒಂದನೆಯ ಬೇರಿಂಗು ಬಿಚ್ಚಿದ. ನಸು ಬೂದು ಬಣ್ಣ, ಒಂದು ಗೀರಿಲ್ಲ, ನಿನ್ನೆ ಹಾಕಿದ ಹಾಗಿತ್ತು. ಎರಡನೆಯದೂ ಹಾಗೇ. ಮೂರನ್ನು ಬಿಟ್ಟು ನಾಲ್ಕನೆಯದನ್ನು ಬಿಚ್ಚಿದ. ಅದೂ ಸರಿ. ಪ್ರೆಷರ್ ಇಲ್ಲದೆ ಓಡಿಸಿದ್ದರೆ ನಾಲ್ಕೂ ಸವೆದಿರಬೇಕಿತ್ತು ಎನ್ನುವುದು ಅಷ್ಟು ವರ್ಷ ಕೌಂಟರಿನಲ್ಲಿ ಕೂತ ನನಗೂ ಗೊತ್ತಾಗುತ್ತದೆ. ಚಿಕ್ಕಣ್ಣ ಸ್ಪ್ಯಾನರ್ ಒರೆಸಿಕೊಂಡ. ಮೂರನೆಯದನ್ನು ಬಿಚ್ಚಿದ. ಅದು ಕಪ್ಪಗೆ ಸುಟ್ಟು, ಮೇಲಿನ ಮೆತ್ತನೆಯ ಲೋಹವೆಲ್ಲ ಕರಗಿ ಹೋಗಿ, ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು.

ಹೊರಗೆ ಬಂದು ಬಕೆಟ್ ಮಗುಚಿ ಅದರ ಮೇಲೆ ಕೂತ.

"ಅಣ್ಣ ನಿಜ ಹೇಳಿದ್ದ" ಎಂದ. "ಮುಳ್ಳು ಸರಿಯಾಗೇ ಇತ್ತು. ನಾನೇ."

ಅವನ ಮುಖ ನೋಡಲಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು ಮೊದಲಿನಿಂದಲೂ. ಈಗ ಹೆಗಲ ಮೇಲೆ ಬೂದಿ ಕಾಣಿಸಿಯೇಬಿಟ್ಟಿತ್ತು. ಎದ್ದು ಕೈ ತೊಳೆಯಲು ಹೋದ, ಅಣ್ಣನ ಮನೆಗೆ ಹೋಗಿ ಬರುತ್ತೇನೆ ಎಂದ. ನಾನೇ ತಡೆದೆ. ಪ್ರೀತಿಯಿಂದೇನಲ್ಲ, ಹಟದಿಂದ. ಹದಿನಾರು ವರ್ಷ ಕಾದಿದ್ದೇವೆ, ಆ ದಾರಿಯನ್ನು ಕಟ್ಟಿದ್ದು ಏನು ಎಂದಾದರೂ ನೋಡಿ ಹೋಗು ಎಂದೆ.

"ಗ್ರೈಂಡಿಂಗ್ ಧೂಳು. ಇನ್ನೇನಿರುತ್ತೆ?"

"ತೆಗೆದು ತೋರ್ಸು."

ತೆಳ್ಳನೆಯ ತಂತಿ ಹಾಕಿ ಮೀಟಿದ. ಬರಲಿಲ್ಲ. ಇನ್ನೊಂದು ಕಡೆಯಿಂದ ಹಾಕಿದ. ಕಪ್ಪು ಮಡ್ಡಿ ಬಂತು, ಅದರ ಹಿಂದೆ ಒಂದು ಚೂರು ತಟ್ಟೆಗೆ ಬಿತ್ತು. ಪೆಟ್ರೋಲಿನಲ್ಲಿ ಅದ್ದಿ ಒರೆಸಿದರೆ ಅದು ಕೆಂಪಗಿತ್ತು. ಒಡೆದ ಇಟ್ಟಿಗೆಯ ಹರಳಿನ ಹಾಗೆ, ಅಕ್ಕಿಯ ನುಚ್ಚಿಗಿಂತ ತುಸು ದೊಡ್ಡದು.

ಇಬ್ಬರೂ ಆ ಚೂರನ್ನು ನೋಡಿದೆವು. ಪಕ್ಕಕ್ಕಿಟ್ಟಿದ್ದ ಚೇಂಬರಿನ ಅಂಚನ್ನು ನೋಡಿದೆವು. ಮತ್ತೆ ಚೂರನ್ನು ನೋಡಿದೆವು. ನನಗೆ ತಲೆಬುಡ ಅರ್ಥವಾಗಲಿಲ್ಲ, ಆದರೆ ಚಿಕ್ಕಣ್ಣನ ಕಿವಿ ಕೆಂಪಾಗುತ್ತಾ ಬಂದದ್ದು ಕಂಡಿತು.

"ಇದು ಒಳಗೆ ಹೋಗ್ಬೇಕಾದ್ರೆ ಇಂಜಿನ್ ಓಡ್ತಿರ್ಬೇಕು" ಎಂದ ನಿಧಾನವಾಗಿ. "ಅಂದ್ರೆ ಸುಡೋಕೆ ಮುಂಚೆನೇ ಯಾರೋ ಚೇಂಬರ್ ಬಿಚ್ಚಿದ್ದಾರೆ. ಬಿಚ್ಚಿ ಈ ದರಿದ್ರದ್ದನ್ನ ಬಳಿದು ಮುಚ್ಚಿದ್ದಾರೆ. ಒಳಗಡೆಗೆ ಹಿಂಡಿಕೊಂಡು ಬಂದ ಪೇಸ್ಟು ಒಣಗಿ ಉದುರಿದೆ. ಚಳೀಲಿ ಎಣ್ಣೆ ಗಟ್ಟಿಯಾದಾಗ ಫಿಲ್ಟರ್ ಸೋಸಲ್ಲ, ಹಾಗೇ ದಾರಿ ಬಿಡುತ್ತೆ. ಆವಾಗ ನುಗ್ಗಿದೆ."

"ಯಾರು ಬಿಚ್ಚಿದ್ರು?"

"ಕಾರು ಯಾರದ್ದು?"

ಅರ್ಧ ಗಂಟೆಯ ಹಿಂದೆ ಅಣ್ಣನ ಕಾಲು ಹಿಡಿಯಲು ಹೊರಟವನು ಈಗ ಹುಲಿಯಾದ. ನನ್ನ ಮೇಲೆ ನಂಬಿಕೆ ಇಲ್ಲದೆ ಬಿಚ್ಚಿಸಿದ್ದಾನೆ, ಬಿಚ್ಚಿಸಿ ಹಾಳು ಮಾಡಿದ್ದಾನೆ, ಮಾಡಿ ನನ್ನ ತಲೆಗೆ ಕಟ್ಟಿದ್ದಾನೆ, ಕರೆಸು ಅವನನ್ನ. ಅಷ್ಟು ಜೋರಾಗಿ ಅವನು ಕೂಗಿದ್ದನ್ನು ನಾನು ಕಂಡೇ ಇರಲಿಲ್ಲ. ಖುಷಿಯಲ್ಲಿ ಕೂಗುತ್ತಿದ್ದಾನೋ ಸಂಕಟದಲ್ಲಿ ಕೂಗುತ್ತಿದ್ದಾನೋ ಎಂದು ನನಗೆ ಗೊತ್ತಾಗಲಿಲ್ಲ, ಬಹುಶಃ ಅವನಿಗೂ ಗೊತ್ತಿರಲಿಲ್ಲ. ನಾನು ಫೋನ್ ಮಾಡಿದೆ. "ಕಾರು ಬಿಚ್ಚಿದ್ದೀವಿ, ಬಾ" ಎಂದಷ್ಟೇ ಹೇಳಿದೆ.

ದೊಡ್ಡಣ್ಣ ಬಂದ. ಹಿತ್ತಲಿನಿಂದಲ್ಲ, ಶಟರಿನ ಕಡೆಯಿಂದಲೇ. ಕೂದಲು ಪೂರ್ತಿ ಬೆಳ್ಳಗಾದ ಅವನನ್ನು ಆ ಬಾಗಿಲಲ್ಲಿ ನೋಡಿ ನಾನು ಸ್ಟೂಲು ಹಾಕುವುದನ್ನೇ ಮರೆತೆ. ಚಿಕ್ಕಣ್ಣ ಬಾ ಎನ್ನಲಿಲ್ಲ, ತಟ್ಟೆ ಎತ್ತಿ ಅವನ ಮೂಗಿನ ಕೆಳಗೆ ಹಿಡಿದ.

"ಇದೇನು?"

"ನನಗೇನು ಗೊತ್ತು, ನೀನು ಮೆಕ್ಯಾನಿಕ್ಕು" ಎಂದ ದೊಡ್ಡಣ್ಣ.

"ನೀನು ಚೇಂಬರ್ ಬಿಚ್ಚಿಸಿದ್ದೆ. ನಾನು ಕಟ್ಟಿ ಕೊಟ್ಟ ಮೇಲೆ, ಕೆಡೋಕೆ ಮುಂಚೆ. ಯಾರ ಹತ್ರ ಬಿಚ್ಚಿಸಿದೆ ಹೇಳು."

"ನಾನ್ಯಾಕೋ ಬಿಚ್ಚಿಸಲಿ?"

"ನನ್ನ ಮೇಲೆ ನಂಬಿಕೆ ಇಲ್ದೆ."

"ನಂಬಿಕೆ ಇಲ್ದಿದ್ರೆ ನಿನ್ನ ಕೈಗೆ ಯಾಕೆ ಕೊಡ್ತಿದ್ದೆ? ಊರು ತುಂಬಾ ಮೆಕ್ಯಾನಿಕ್ಕುಗಳಿದ್ರು. ನನ್ನ ತಮ್ಮನೇ ಕಟ್ಟಬೇಕು ಅಂತ ಎಲ್ಲರ ಹತ್ರ ಜಂಬ ಕೊಚ್ಚಿಕೊಂಡು ಓಡಾಡಿದ್ದೆ ಕಣೋ. ಇನ್ನು ನಾನೇ ಬಿಚ್ಚೋದಕ್ಕೆ ನನಗೆ ಯಾವ ನಟ್ಟು ಯಾವ ಕಡೆ ತಿರುಗುತ್ತೆ ಅಂತ ಗೊತ್ತಾ? ನೀನೇ ನಗ್ತಿದ್ದೆಯಲ್ಲ, ಅಣ್ಣನಿಗೆ ಕಾರು ಓಡ್ಸೋದು ಗೊತ್ತು, ಹೊಟ್ಟೆ ಯಾವುದು ಬೆನ್ನು ಯಾವುದು ಗೊತ್ತಿಲ್ಲ ಅಂತ."

ಅದು ನಿಜ. ದೊಡ್ಡಣ್ಣನಿಗೆ ಬಲ್ಬು ಬದಲಾಯಿಸಲೂ ಬರುವುದಿಲ್ಲ. ಸುಳ್ಳು ಎಂದು ಇನ್ನೊಂದು ಸಲ ಹೇಳಲು ಚಿಕ್ಕಣ್ಣನಿಗೆ ನಾಲಿಗೆ ಬರಲಿಲ್ಲ. ಇವನು ಬಿಚ್ಚಿಲ್ಲ, ಅವನು ಬಿಚ್ಚಿಲ್ಲ. ಮತ್ತೆ ಬಿಚ್ಚಿದ್ದು ಯಾರು, ಪಿಶಾಚಿಯೇ? ಕಾರು ಎಲ್ಲೆಲ್ಲಿ ನಿಂತಿತ್ತು, ಯಾರ ಕೈಗೆ ಸಿಕ್ಕಿತ್ತು, ಆ ತಿಂಗಳಲ್ಲಿ ಯಾರು ಬಂದಿದ್ದರು ಎಂದು ಮೂವರೂ ಒಟ್ಟಿಗೆ ಮಾತಾಡಲು ಶುರುಮಾಡಿದೆವು. ಒಬ್ಬರಿಗೆ ಜ್ಞಾಪಕವಿದ್ದುದು ಇನ್ನೊಬ್ಬರಿಗೆ ಬೇರೆ ಥರ ಜ್ಞಾಪಕವಿತ್ತು. ಮಳೆಗಾಲ ಎಂದು ಒಬ್ಬ, ಚಳಿಗಾಲ ಎಂದು ಇನ್ನೊಬ್ಬ. ಗಲಾಟೆ ಎಷ್ಟಾಯಿತೆಂದರೆ ಒಳಗಿನಿಂದ ಅಮ್ಮ ಗೋಡೆ ಹಿಡಿದುಕೊಂಡು ಬಂದಳು.

"ಏನ್ರೋ ಇದು, ಮತ್ತೆ ಶುರು ಮಾಡಿದ್ರಾ? ದೊಡ್ಡೋನು ಈ ಬಾಗಿಲಿಂದ ಬಂದ ಅಂತ ಖುಷಿ ಪಡೋಷ್ಟರಲ್ಲಿ..." ಎನ್ನುತ್ತಾ ತಟ್ಟೆಯೊಳಗೆ ಇಣುಕಿದಳು. "ಅಯ್ಯೋ, ಈ ಕೆಂಪು ಮಣ್ಣು ಇಲ್ಲಿಗೂ ಬಂತಾ? ನಿಮ್ಮಪ್ಪ ಹೋದ್ರೂ ಇದು ಮಾತ್ರ ಹೋಗಲ್ಲ."

ಮೂವರೂ ಅಮ್ಮನ ಕಡೆ ತಿರುಗಿದೆವು.

ಅಪ್ಪ ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಫಿಟ್ಟರ್ ಆಗಿದ್ದರು. ಸೋರುವುದು ಎಂದರೆ ಅವರಿಗೆ ವೈರಿ. ಎಲ್ಲಿ ಜೋಡಣೆ ಇದೆಯೋ ಅಲ್ಲಿಗೆ ಪಂಪ್ ಹೌಸಿನ ಆ ಕೆಂಪು ಪೇಸ್ಟು ಬೀಳಲೇಬೇಕು. ಅಡುಗೆಮನೆಯ ನಲ್ಲಿಯ ಬುಡದಲ್ಲಿ ಅದಿತ್ತು, ಕಿಟಕಿಯ ಗಾಜಿನ ಅಂಚಿನಲ್ಲಿತ್ತು, ಅಮ್ಮನ ಕುಕ್ಕರಿನ ಹಿಡಿಯಲ್ಲಿ ಕೂಡ ಇತ್ತು. ದಿನಾ ಕಣ್ಣೆದುರಿಗೆ ಇದ್ದದ್ದು ನಮಗೆ ಮೂವರಿಗೂ ಕಾಣಲಿಲ್ಲ. ದೊಡ್ಡ ಪಂಪಿಗೆ ಆ ಪೇಸ್ಟು ಸರಿ, ಅಲ್ಲಿ ಚೂರು ಉದುರಿದರೆ ನೀರಿನ ಜೊತೆ ಹೊರಗೆ ಹೋಗುತ್ತದೆ. ಕಾರಿನ ಇಂಜಿನ್ನಿನಲ್ಲಿ ಹೊರಗೆ ಹೋಗಲು ದಾರಿಯೆಲ್ಲಿ?

"ಅಪ್ಪ ಈ ಕಾರು ಬಿಚ್ಚಿದ್ರಾ?" ಎಂದು ಕೇಳಿದವನು ದೊಡ್ಡಣ್ಣ.

"ಒಂದ್ಸಲ ಬಿಚ್ಚಿದ್ರಪ್ಪ. ನೀನು ಹೆಂಡತಿ ಮನೆಗೆ ಹೋಗಿದ್ದೆ, ಕಾರು ಇಲ್ಲೇ ಬಿಟ್ಟಿದ್ದೆ. ಇವನು ಸಾಮಾನು ತರೋಕೆ ಊರಾಚೆ ಹೋಗಿದ್ದ. ಬೆಳಿಗ್ಗೆ ಕಾರಿನ ಕೆಳಗೆ ತೂರಿಕೊಂಡವರು ಊಟಕ್ಕೆ ಕರೆದ್ರೂ ಬರಲಿಲ್ಲ. ಸಾಯಂಕಾಲ ಎದ್ದು ಬಂದ್ರು. ಯಾರಿಗೂ ಹೇಳಬೇಡ ಅಂದ್ರು, ನಾನು ಹೇಳಲಿಲ್ಲ. ಯಾಕೆ, ಏನಾಯ್ತೀಗ?"

ಏನಾಯಿತು ಎಂದು ಆ ಮುದುಕಿಗೆ ಹೇಗೆ ಹೇಳುವುದು? ಅಮ್ಮನಿಗೆ ಬೇರಿಂಗು ಗೊತ್ತಿಲ್ಲ, ಎಣ್ಣೆಯ ದಾರಿ ಗೊತ್ತಿಲ್ಲ. ಗಂಡ ಒಂದು ದಿನ ಕಾರಿನ ಕೆಳಗೆ ಮಲಗಿದ್ದಕ್ಕೂ ಮಕ್ಕಳು ಹದಿನಾರು ವರ್ಷ ಮಾತು ಬಿಟ್ಟಿದ್ದಕ್ಕೂ ಗಂಟು ಹಾಕಲು ಅವಳಿಗೆ ಎಲ್ಲಿಂದ ಬರಬೇಕು? ನನ್ನ ತಲೆಯಲ್ಲಿ ಎಲ್ಲವೂ ಕಲಸುಮೇಲೋಗರವಾಯಿತು. ಕುರ್ಚಿಯಲ್ಲಿ ಕೂತು ಬಿಚ್ಚಿ ನೋಡ್ರೋ ಎಂದಿದ್ದರಲ್ಲ ಅಪ್ಪ, ಗೊತ್ತಿದ್ದು ಹೇಳಿದರೋ, ಗೊತ್ತಿಲ್ಲದೆ ಹೇಳಿದರೋ? ಗೊತ್ತಿದ್ದರೆ ಅಷ್ಟು ವರ್ಷ ಹೇಗೆ ಸುಮ್ಮನಿದ್ದರು? ಗೊತ್ತಿಲ್ಲದಿದ್ದರೆ, ಅಂಥ ಕೈ ಪಳಗಿದ ಫಿಟ್ಟರಿಗೆ ಒಂದು ದಿನವೂ ಅನುಮಾನ ಬರಲಿಲ್ಲವೇ? ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಅಂತಾರೆ. ನಾನು ಮಾಡಿಕೊಂಡೆ. ಆ ಕುರ್ಚಿಯನ್ನು ಒದೆಯಬೇಕು ಎನ್ನಿಸಿತು, ಕುರ್ಚಿ ಅಲ್ಲಿರಲಿಲ್ಲ.

ಚಿಕ್ಕಣ್ಣ ಬೆಂಚಿಗೆ ಒರಗಿ ನಿಂತಿದ್ದ. "ಅಣ್ಣ ಅಲ್ಲ" ಎಂದ. "ಅಪ್ಪ. ಅಪ್ಪನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ."

"ನಿನ್ನ ಮೇಲಲ್ಲ, ನನ್ನ ಮೇಲೆ" ಎಂದ ದೊಡ್ಡಣ್ಣ. "ನಾನು ಜೋರಾಗಿ ಓಡ್ಸಿ ಏನಾದ್ರೂ ಮಾಡ್ಕೊಂಡೇನು ಅಂತ ನೋಡಿರ್ತಾರೆ."

"ನನ್ನ ಕೆಲಸ ತಾನೇ ಬಿಚ್ಚಿ ನೋಡಿದ್ದು?"

"ನನ್ನ ಪ್ರಾಣಕ್ಕೆ ಹೆದರಿ ತಾನೇ?"

ಕೇಳಿ. ಹದಿನಾರು ವರ್ಷ ನಿನ್ನ ತಪ್ಪು ನಿನ್ನ ತಪ್ಪು ಎಂದು ಹೋರಾಡಿದವರು ಈಗ ಅಪ್ಪ ಯಾರನ್ನು ನಂಬಿರಲಿಲ್ಲ ಎನ್ನುವುದಕ್ಕೆ ಜಗಳಕ್ಕೆ ನಿಂತಿದ್ದರು. "ಇಬ್ಬರೂ ಬಾಯಿ ಮುಚ್ಕೊಳ್ರೋ" ಎಂದು ನಾನು ಕಿರುಚಿದೆ. ಕಿರುಚಿ, ಅಮ್ಮನ ಕಡೆ ತಿರುಗಿ, ಯಾರಿಗೂ ಹೇಳಬೇಡ ಅಂದರಲ್ಲ, ಇನ್ನೇನಾದರೂ ಅಂದರಾ ಎಂದು ಕೇಳಿದೆ.

ಅಮ್ಮ ಸ್ಟೂಲಿನ ಮೇಲೆ ಕೂತಳು. ನಾವು ಯಾಕೆ ಹೀಗೆ ಮುಖ ಮಾಡಿಕೊಂಡಿದ್ದೇವೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ, ಒಬ್ಬೊಬ್ಬರನ್ನೇ ನೋಡಿದಳು.

"ಅಂದ್ರಪ್ಪ. ಕೈ ತೊಳ್ಕೊಂಡು ಊಟಕ್ಕೆ ಕೂತವರು ಒಬ್ಬರೇ ನಗ್ತಾ ಇದ್ರು. ಏನ್ರೀ ಅಂದೆ. 'ನಿನ್ನ ಚಿಕ್ಕ ಮಗ ನನಗಿಂತ ಚೆನ್ನಾಗಿ ಕೆಲಸ ಮಾಡ್ತಾನೆ ಕಣೇ. ಒಂದೊಂದೇ ನಟ್ಟು ಮುಟ್ಟಿ ನೋಡಿದೆ. ನಾನು ಕೈ ಹಾಕೋಕೆ ಏನೂ ಇರಲಿಲ್ಲ. ಸುಮ್ಮನೆ ಮುಚ್ಚಿ ಬಂದೆ' ಅಂದ್ರು. ಎರಡು ಸಲ ಬಡಿಸಿಕೊಂಡು ಉಂಡ್ರು ಅವತ್ತು."

ಅಪ್ಪ ಜನ್ಮದಲ್ಲಿ ಯಾರ ಕೆಲಸವನ್ನೂ ಹೊಗಳಿದವರಲ್ಲ. ಚೆನ್ನಾಗಿದ್ದರೆ ಹ್ಞೂಂ ಎನ್ನುತ್ತಿದ್ದರು, ಕೆಟ್ಟಿದ್ದರೆ ಅದೂ ಇಲ್ಲ.

ಚಿಕ್ಕಣ್ಣ ಸಂತೋಷಪಡಬೇಕಿತ್ತು. ಅವನ ಕೈ ತಪ್ಪು ಮಾಡಿರಲಿಲ್ಲ, ತಪ್ಪು ಮಾಡಿಲ್ಲ ಎಂದು ಕಣ್ಣಾರೆ ನೋಡಿದವರಿದ್ದರು. ನೋಡಿದ ಕೈಯೇ ಅದನ್ನು ಹಾಳು ಮಾಡಿತ್ತು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಈಗಲೂ ತಿಳಿದಿಲ್ಲ.

"ನನಗೆ ಯಾಕಮ್ಮ ಹೇಳಲಿಲ್ಲ?" ಎಂದ. ನಲವತ್ತು ದಾಟಿದ ಗಂಡಸು, ದನಿ ಮಾತ್ರ ಚಿಕ್ಕ ಹುಡುಗನದಾಗಿತ್ತು. "ಒಂದು ಮಾತು ನನಗೆ ಹೇಳಬಹುದಿತ್ತಲ್ಲ."

"ಹೇಗೋ ಹೇಳ್ತಾರೆ? ಹೇಳಿದ್ರೆ ಬಿಚ್ಚಿ ನೋಡಿದ್ದು ನಿನಗೆ ಗೊತ್ತಾಗ್ತಿತ್ತಲ್ಲ. ಅಪ್ಪನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೀನು ನೊಂದ್ಕೋತೀಯ ಅಂತ ಸುಮ್ಮನಾದ್ರು."

ಚಿಕ್ಕಣ್ಣ ಅತ್ತ. ಮುಖ ಮುಚ್ಚಿಕೊಳ್ಳಲೂ ಇಲ್ಲ, ಎಣ್ಣೆಯ ಕೈಗಳನ್ನು ಎರಡೂ ಕಡೆ ದೂರ ಹಿಡಿದುಕೊಂಡು ನಿಂತೇ ಅತ್ತ. ಅಪ್ಪ ತೀರಿಕೊಂಡಾಗ ಅವನು ಅತ್ತಿರಲಿಲ್ಲ. ಅಮ್ಮ ನಾನೇನು ತಪ್ಪು ಅಂದೆ ಎಂದು ನನ್ನನ್ನು ಕೇಳಿದಳು, ಏನೂ ಇಲ್ಲ ಎಂದೆ.

ದೊಡ್ಡಣ್ಣ ಏನು ಮಾಡಬೇಕೆಂದು ತೋಚದೆ ಕಾರಿನ ಬಾಗಿಲು ತೆರೆದು ಒಳಗೆ ಕೂತ. ಹಳೆಯ ಸೀಟು ಕಿರ್ ಎಂದಿತು. ಸ್ಟೀರಿಂಗ್ ಹಿಡಿದ, ಡ್ಯಾಶ್‌ಬೋರ್ಡ್ ನೋಡಿದ. ಅಲ್ಲಿಂದಲೇ, ಯಾರ ಮುಖವನ್ನೂ ನೋಡದೆ ಹೇಳಿದ:

"ಮುಳ್ಳು ನಿಜವಾಗ್ಲೂ ನಡುವೆನೇ ಇತ್ತು ಕಣೋ."

"ಗೊತ್ತು ಅಣ್ಣ" ಎಂದ ಚಿಕ್ಕಣ್ಣ. "ನಡುವೆನೇ ಇತ್ತು."